ಬೆಣ್ಣೆ ಬಣ್ಣದ ಗೋಡೆ, ನೇರಳೆ ತಲೆಯ ಮೀನು

ಬಣ್ಣದಂಗಡಿಯಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಯಾರಿಗೂ ಪಾಠ ಹೇಳಿದವರಲ್ಲ; ಶಾಲೆಯಲ್ಲಿ ತಾವು ಕಲಿತದ್ದೂ ಅಷ್ಟಕ್ಕಷ್ಟೇ. ಆದರೆ ಗಿರಾಕಿ ಬಂದು "ನೀಲಿ ಕೊಡಿ" ಎಂದರೆ ಸಾಕು, ಓದುವ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಶುರುಮಾಡುತ್ತಿದ್ದರು. "ಯಾವ ನೀಲಿ? ಬೆಳಗಿನ ಆಕಾಶದ್ದಾ, ಶಾಯಿದಾ, ನವಿಲಿನ ಕತ್ತಿಂದಾ? ಬರೀ ನೀಲಿ ಅಂದ್ರೆ, ಬಸ್ ಸ್ಟ್ಯಾಂಡಿಗೆ ಹೋಗಿ ಟಿಕೆಟ್ ಕೊಡಿ ಅಂದ ಹಾಗಾಯ್ತು. ಎಲ್ಲಿಗೆ ಅಂತ ಬೇಡ್ವಾ?" ಗಿರಾಕಿ ನಗುತ್ತಿದ್ದ, ನಿಂತು ಯೋಚಿಸುತ್ತಿದ್ದ, ಕೊನೆಗೆ ತನಗೆ ನಿಜವಾಗಿ ಯಾವುದು ಬೇಕಿತ್ತೋ ಅದನ್ನೇ ಒಯ್ಯುತ್ತಿದ್ದ.

ಅಂಗಡಿಯಲ್ಲಿ ಬಣ್ಣ ಬೆರೆಸುವ ಮಷೀನೂ ಇತ್ತು. ನಂಬರು ಒತ್ತಿದರೆ ಬಿಳಿ ಡಬ್ಬಿಯೊಳಗೆ ಹನಿಹನಿಯಾಗಿ ಬಣ್ಣ ಇಳಿಸಿ, ಗಡಗಡ ಅಲುಗಾಡಿಸಿ ಕೊಡುತ್ತಿತ್ತು. ಹೊಸ ಮನೆಗೆ ಅಷ್ಟು ಸಾಕು. ಹಳೆಯ ಗೋಡೆಗೆ ತೇಪೆ ಹಾಕಬೇಕಾದಾಗ ಮಾತ್ರ ಮಷೀನು ಕೈಚೆಲ್ಲುತ್ತಿತ್ತು. ಬಿಸಿಲು, ಹೊಗೆ, ಮಕ್ಕಳ ಕೈ ಎಲ್ಲ ಸೇರಿ ಮಾಗಿದ ಬಣ್ಣಕ್ಕೆ ನಂಬರು ಎಲ್ಲಿಂದ ತರುವುದು? ಆಗ ಜನ ಗೋಡೆಯ ಚಕ್ಕೆಯೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಮೇಷ್ಟ್ರ ಬಳಿ ಬರುತ್ತಿದ್ದರು. ಅವರು ಕಡ್ಡಿಯಿಂದ ಕಲಸಿ, ಎಡಗೈ ಹೆಬ್ಬೆರಳಿನ ಉಗುರಿಗೆ ಒಂದು ಚುಕ್ಕೆ ಹಚ್ಚಿ, ಬಾಗಿಲ ಬೆಳಕಿಗೆ ಹೋಗಿ ಚಕ್ಕೆಯ ಪಕ್ಕ ಹಿಡಿದು, "ಇನ್ನೊಂದು ಹನಿ ಕಪ್ಪು" ಎನ್ನುತ್ತಿದ್ದರು. ತೇಪೆ ಹಾಕಿದ ಜಾಗ ಎಲ್ಲಿದೆ ಎಂದು ಆಮೇಲೆ ಮನೆಯವರೇ ಹುಡುಕಬೇಕು. ಆ ಉಗುರು ದಿನಕ್ಕೊಂದು ಬಣ್ಣದಲ್ಲಿರುತ್ತಿದ್ದುದರಿಂದ ಅವರ ಹೆಂಡತಿ ಅದನ್ನು ನೋಡಿಯೇ ಆ ದಿನದ ವ್ಯಾಪಾರ ಹೇಳಿಬಿಡುತ್ತಿದ್ದಳು.

ಎರಡು ವರ್ಷದಿಂದೀಚೆಗೆ ಡಬ್ಬಿಗಳು ವಾಪಸು ಬರತೊಡಗಿದ್ದವು. ತೇಪೆ ಬೀದಿಯಲ್ಲಿ ಹೋಗುವವರಿಗೂ ಕಾಣುತ್ತದೆ ಎಂದು ದೂರು. ಮೇಷ್ಟ್ರು ಒಪ್ಪುವವರೇ? ಪೇಂಟರು ಬ್ರಷ್ ತೊಳೆದಿಲ್ಲ, ಗೋಡೆ ಒಣಗಿಲ್ಲ, ಟ್ಯೂಬ್‌ಲೈಟಿನಲ್ಲಿ ನೋಡಿದರೆ ಹಾಗೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಅವರು ಪೇಂಟರುಗಳ ಮೇಲೆ ಎಷ್ಟು ಸಲ ಎಸೆದಿದ್ದರೋ ಲೆಕ್ಕವಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬುದನ್ನೂ ಜೊತೆಗೆ ಸೇರಿಸುತ್ತಿದ್ದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಅಂಗಡಿಯ ಯಜಮಾನರು ಒಳ್ಳೆಯ ಮನುಷ್ಯ. ವಾಪಸು ಬಂದ ಡಬ್ಬಿಗಳನ್ನು ತುಟಿಪಿಟಕ್ಕೆನ್ನದೆ ಹಿಂದಿನ ಕೋಣೆಯಲ್ಲಿ ಜೋಡಿಸಿಡುತ್ತಿದ್ದರು.

ಮೇಷ್ಟ್ರ ಹೆಂಡತಿ ಲಾಂಡ್ರಿಯೊಂದರ ಕೌಂಟರಿನಲ್ಲಿ ವರ್ಷಗಟ್ಟಲೆ ನಿಂತು ಮಂಡಿ ಸವೆಸಿಕೊಂಡವಳು. ತನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳುವ ಅಭ್ಯಾಸವೇ ಇಲ್ಲ. ಮದುವೆಯಾದಾಗಿನಿಂದ ಆಕೆ ಕೇಳಿದ್ದು ಎರಡೇ ಎರಡು. ಮೊದಲನೆಯದು ಎರಡು ವರ್ಷದ ಹಿಂದೆ, ಕೆಲಸ ಬಿಟ್ಟು ಮನೆಯಲ್ಲಿ ಕೂತಾಗ. ಮುಂದಿನ ಕೋಣೆಯ ಗೋಡೆಗೆ ಬೆಣ್ಣೆಯ ಬಣ್ಣ ಬೇಕು ಎಂದಳು. "ಬಿಳಿ ಅಲ್ಲ, ಹಳದಿನೂ ಅಲ್ಲ ರೀ. ಈಗ ತಾನೇ ಕಡೆದ ಬೆಣ್ಣೆ ಇರತ್ತಲ್ಲ, ಹಾಗೆ."

ಹೆಂಡತಿ ಬಣ್ಣವನ್ನು ಇಷ್ಟು ಚೊಕ್ಕವಾಗಿ ಹೇಳಿದ್ದಕ್ಕೆ ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಮಷೀನು ಮುಟ್ಟದೆ ಕೈಯಾರೆ ಕಲಸಿದರು. ಹಳದಿ ಹೆಚ್ಚಾಯಿತೆನಿಸಿ ಒಂದು ಹನಿ ನೇರಳೆ, ಇನ್ನೂ ಹೆಚ್ಚೆನಿಸಿ ಮತ್ತೊಂದು ಹನಿ; ಉಗುರಿನ ಮೇಲೆ ಬೆಣ್ಣೆ ಬಂದು ಕೂರುವ ತನಕ ಬಿಡಲಿಲ್ಲ. ಗೋಡೆಗೆ ಹಚ್ಚಲು ಬಂದ ಪೇಂಟರು ಮುಚ್ಚಳ ತೆಗೆದು ಒಮ್ಮೆ ಡಬ್ಬಿ ನೋಡಿದ, ಒಮ್ಮೆ ಇವರ ಮುಖ ನೋಡಿದ.

"ಮೇಷ್ಟ್ರೇ, ಇದೇನಾ?"

"ಇದೇ."

"ಅಮ್ಮಾವ್ರು ನೋಡಿದ್ದಾರಾ?"

"ಅವಳು ಹೇಳಿದ್ದೇ ಇದು. ಹಚ್ಚಯ್ಯ ನೀನು."

ಸಂಜೆ ಆಕೆ ಬಂದು ಗೋಡೆಯನ್ನು ಬಹಳ ಹೊತ್ತು ನೋಡಿದಳು. "ಹೇಗೆ, ಬೆಣ್ಣೆ ಹೌದೋ ಅಲ್ವೋ?" ಎಂದು ಮೇಷ್ಟ್ರು ಬಣ್ಣದ ಉಗುರು ಮುಂದೆ ಹಿಡಿದರು. "ನೀವು ಹೇಳಿದ ಮೇಲೆ ಇನ್ನೇನು" ಎಂದಳು. ಆಮೇಲೆ ಮನೆಗೆ ಬಂದವರು ಯಾರಾದರೂ ಗೋಡೆ ನೋಡಿ ಬಾಯಿ ತೆರೆಯುವ ಮೊದಲೇ, "ನಾನೇ ಕೇಳಿ ಹಚ್ಚಿಸಿಕೊಂಡಿದ್ದು" ಎಂದು ಹೇಳಿಬಿಡುತ್ತಿದ್ದಳು. ಮೇಷ್ಟ್ರು ಪಕ್ಕದಲ್ಲಿ ಕೂತು ಮೀಸೆ ಸವರಿಕೊಳ್ಳುತ್ತಿದ್ದರು.

ಎರಡನೆಯದು ಮೀನು. ಮಂಡಿ ಡಾಕ್ಟರ ಕೋಣೆಯ ಹೊರಗೆ ಉಪ್ಪುನೀರಿನ ಮೀನುತೊಟ್ಟಿಯೊಂದಿತ್ತು. ಹವಳದ ಕಲ್ಲು, ಅಲ್ಲಾಡುವ ಹೂವಿನಂಥ ಜೀವಿಗಳು, ನಡುವೆ ಬಣ್ಣಬಣ್ಣದ ಸಣ್ಣ ಮೀನು. ಆಕೆ ತನ್ನ ಸರದಿ ಬಂದರೂ ಹಿಂದಿನವರನ್ನು ಮುಂದೆ ಬಿಟ್ಟು ಅದರೆದುರೇ ಕೂತಿರುತ್ತಿದ್ದಳು. ಒಂದು ದಿನ ಆಟೋದಲ್ಲಿ ವಾಪಸು ಬರುವಾಗ, ಯಾರೋ ಬೇರೆಯವರ ವಿಷಯ ಹೇಳುವ ಹಾಗೆ ಕೇಳಿದಳು. "ರೀ, ಅಂಥದ್ದು ಒಂದು ಸಣ್ಣದು ನಮ್ಮನೇಲೂ ಇಡಬಹುದಾ? ಬಣ್ಣ ಬೇಕಾದ್ರೆ ನೀವೇ ಆರಿಸಿ."

ಬಣ್ಣ ನೀವೇ ಆರಿಸಿ ಎಂದ ಮೇಲೆ ಮೇಷ್ಟ್ರು ಇಲ್ಲವೆನ್ನಲುಂಟೇ? ತೊಟ್ಟಿ ಬಂತು. ಬೆಣ್ಣೆ ಬಣ್ಣದ ಗೋಡೆಗೆ ಒತ್ತಿ, ಗಟ್ಟಿ ಸ್ಟೂಲಿನ ಮೇಲೆ ಕೂತಿತು. ಮರಳು ಹಾಕಿ, ಕಲ್ಲು ಜೋಡಿಸಿ, ಅಳತೆಯ ಉಪ್ಪು ಕರಗಿಸಿ ತುಂಬಿದರು. ಮೀನು ಮಾತ್ರ ಈಗಲೇ ಇಲ್ಲ, ನೀರು ಹದಕ್ಕೆ ಬರಲಿ ಎಂದಿದ್ದಳು ಮೀನಿನಂಗಡಿಯಾಕೆ. ವಾರಗಟ್ಟಲೆ ಗಂಡ ಹೆಂಡತಿ ಇಬ್ಬರೂ ಬರೀ ನೀರು ನೋಡುತ್ತ ಕೂತರು. "ಮೀನೆಲ್ಲಿ?" ಎಂದು ಪಕ್ಕದ ಮನೆಯವರು ಕೇಳಿದರೆ, "ಇನ್ನೂ ಮನೆ ನೋಡಿಕೊಂಡು ಹೋಗಿದ್ದಾರೆ, ಅಡ್ವಾನ್ಸ್ ಕೊಟ್ಟಿಲ್ಲ" ಎನ್ನುತ್ತಿದ್ದರು ಮೇಷ್ಟ್ರು.

ನೀರು ಹದಕ್ಕೆ ಬಂದಿದೆಯೋ ಇಲ್ಲವೋ ತಿಳಿಯುವುದಕ್ಕೆ ಗಾಜಿನ ನಳಿಗೆಯಲ್ಲಿ ಒಂದಿಷ್ಟು ನೀರು ಹಿಡಿದು, ಔಷಧಿ ಬಿಟ್ಟು, ಬಂದ ಬಣ್ಣವನ್ನು ಕಾರ್ಡಿಗೆ ಹೋಲಿಸಬೇಕು. ಬಣ್ಣದ ಕೆಲಸವೆಂದರೆ ಮೇಷ್ಟ್ರದೇ. "ಅಪ್ಪಟ ಹಳದಿ. ನೀರು ಚಿನ್ನದಂಗಿದೆ, ನಾಳೆನೇ ಮೀನು ತರೋಣ" ಎನ್ನುತ್ತಿದ್ದರು. ಆಕೆ ನಳಿಗೆಯನ್ನು ಕಿಟಕಿಗೆ ಹಿಡಿದು ನೋಡಿ, "ಇನ್ನೊಂದು ವಾರ ಹೋಗಲಿ ಬಿಡಿ, ಅವಸರ ಏನಿದೆ" ಎನ್ನುತ್ತಿದ್ದಳು. ಹಳದಿಯೆಂದರೆ ಸರಿ, ಹಸಿರೆಂದರೆ ನಂಜು. ಹೀಗೆ ಎಷ್ಟೋ ಸಲ ಆದ ಮೇಲೆ ಒಂದು ದಿನ ಆಕೆಯೂ ಹಳದಿ ಎಂದಳು, ಇಬ್ಬರೂ ಮೀನಿನಂಗಡಿಗೆ ಹೊರಟರು.

ಅಂಗಡಿಯೊಳಗೆ ಕಾಲಿಡುತ್ತಲೇ ಮೇಷ್ಟ್ರು ತಡವರಿಸಿದರು. "ಇಷ್ಟು ಕತ್ತಲೇಲಿ ಹೇಗಮ್ಮ ವ್ಯಾಪಾರ ಮಾಡ್ತೀಯ?"

ಮೀನಿನಂಗಡಿಯಾಕೆ ತಲೆಯೆತ್ತಿ ಸಾಲಾಗಿ ಉರಿಯುತ್ತಿದ್ದ ನೀಲಿ ದೀಪಗಳನ್ನು ನೋಡಿದಳು. "ಕತ್ತಲೇನಾ ಸರ್? ಕಣ್ಣು ಕುಕ್ಕತ್ತೆ ಅಂತ ಬೇರೆಯವರು ಬೈತಾರೆ."

ಮೇಷ್ಟ್ರಿಗೆ ಮಾತು ಹಿಡಿಸಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ತೊಟ್ಟಿಯಿಂದ ತೊಟ್ಟಿಗೆ ನಡೆದರು. ಅವರ ತಲೆಯಲ್ಲಿ ಲೆಕ್ಕಾಚಾರ ಸಿದ್ಧವಿತ್ತು: ಒಂದು ಬಿಸಿ ಬಣ್ಣ, ಅದಕ್ಕೆದುರು ಒಂದು ತಂಪು ಬಣ್ಣ, ಹಿಂದೆ ಬೆಣ್ಣೆಯ ಗೋಡೆ. ಮೊದಲು ಅಗಲದ ಹಳದಿ ಮೀನೊಂದನ್ನು ತೋರಿಸಿದರು.

"ಅದು ಬೆಳೆದು ತಟ್ಟೆಯಷ್ಟಾಗತ್ತೆ ಸರ್. ನಿಮ್ಮ ತೊಟ್ಟಿಲಿ ಹಿಂದೆ ತಿರುಗೋಕೂ ಜಾಗ ಇರಲ್ಲ."

"ಇದು?"

"ಜಗಳಗಂಟಿ. ಪಕ್ಕದವರ ರೆಕ್ಕೆ ಕಿತ್ತು ತಿನ್ನತ್ತೆ. ಸಣ್ಣ ತೊಟ್ಟಿಗೆ ಮೊದಲು ಗಾತ್ರ ನೋಡಬೇಕು, ಆಮೇಲೆ ಗುಣ, ಕೊನೇಲಿ ಬಣ್ಣ."

"ಮಗಳಿಗೆ ಗಂಡು ಹುಡುಕೋ ಹಾಗಿದೆಯಲ್ಲಮ್ಮ" ಎಂದರು ಮೇಷ್ಟ್ರು. ಬಣ್ಣ ಕೊನೆಯಲ್ಲಿ ಬರುವ ವ್ಯಾಪಾರವನ್ನು ಅವರು ಈವರೆಗೆ ಕಂಡಿರಲಿಲ್ಲ.

ಕೊನೆಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಡಿಯೊಂದು ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು. ಸೊಂಟ ಕುಲುಕಿಸುತ್ತ ಈಜುವ ಅವುಗಳಿಗೆ ಆಕೆ ನಿಂತ ನಿಲುವಿನಲ್ಲೇ ಕೋಡಂಗಿಗಳೆಂದು ಹೆಸರಿಟ್ಟಳು. ಬಿಸಿ ಬಣ್ಣವಾಯಿತು, ಇನ್ನು ತಂಪು ಬಣ್ಣ. ಅಷ್ಟರಲ್ಲಿ ಆಕೆ ಮೂಲೆಯ ತೊಟ್ಟಿಯೊಂದರ ಮುಂದೆ ನಿಂತವಳು ಅಲ್ಲಿಂದ ಕದಲಲೇ ಇಲ್ಲ.

"ರೀ, ಇಲ್ಲಿ ಬನ್ನಿ. ಇದನ್ನ ನೋಡಿ."

ಬೆರಳುದ್ದದ ಮೀನು ಕಲ್ಲಿನ ಅಡಿಯಲ್ಲಿ ತಲೆಕೆಳಗಾಗಿ ತೇಲುತ್ತಿತ್ತು. ಮೇಷ್ಟ್ರು ಬಗ್ಗಿ ನೋಡಿದರು. ಬಾಲದ ಕಡೆ ಒಳ್ಳೆಯ ಹಳದಿ. ತಲೆಯ ಕಡೆ ಕಂದೋ ಕಪ್ಪೋ, ಯಾವುದೋ ಮಸಿ.

"ತಳ ಹಿಡಿದ ಪಾತ್ರೆಗೆ ಹಳದಿ ಬಾಲ ಅಂಟಿಸಿದ ಹಾಗಿದೆಯಲ್ಲೇ" ಎಂದು ನಕ್ಕರು.

ಮೀನಿನಂಗಡಿಯಾಕೆಯೂ ನಕ್ಕಳು. "ಸರ್ ತಮಾಷೆ ಜಾಸ್ತಿ ಮಾಡ್ತಾರೆ. ಇಡೀ ಅಂಗಡೀಲಿ ಇಂಥ ನೇರಳೆ ಇನ್ನೊಂದಿಲ್ಲ. ಇದರ ಬಣ್ಣಕ್ಕೇ ಜನ ಕಾದು ತಗೊಂಡು ಹೋಗ್ತಾರೆ."

ನೇರಳೆ ಎಂಬ ಮಾತು ಕಿವಿಗೆ ಬಿದ್ದು ಮೇಷ್ಟ್ರು ಮತ್ತೊಮ್ಮೆ ಬಗ್ಗಿ ನೋಡಿದರು; ಅದೇ ಮಸಿ. ಹೆಂಡತಿಯ ಕಡೆ ನೋಡಿದರು. ಆಕೆ ನಗಲಿಲ್ಲ. ತೊಟ್ಟಿಯಿಂದ ಕಣ್ಣು ತೆಗೆದು ಸೆರಗು ಸರಿಪಡಿಸಿಕೊಂಡು, "ಬೇಡ ಬಿಡಿ. ನಿಮಗೆ ಹಿಡಿಸದೇ ಇದ್ರೆ ಬೇಡ" ಎಂದಳು. ಈ ದೀಪವೇ ಸರಿಯಿಲ್ಲ, ದೀಪದಲ್ಲಿ ಏನೋ ಮೋಸವಿದೆ ಎಂದು ಮೇಷ್ಟ್ರು ಗೊಣಗಿಕೊಂಡರು. ಜೋಡಿ ಕೋಡಂಗಿಗಳನ್ನಷ್ಟೇ ಹಿಡಿದುಕೊಂಡು ಮನೆಗೆ ಬಂದರು.

ಮಾರನೆಯ ದಿನ ಮೇಷ್ಟ್ರು ಅಂಗಡಿಯಿಂದ ಬೇಗ ಹೊರಟು ಒಬ್ಬರೇ ಮೀನಿನಂಗಡಿಗೆ ಹೋದರು. ಕಂಕುಳಲ್ಲಿ ಶೇಡ್ ಕಾರ್ಡಿತ್ತು, ಬೀಸಣಿಗೆಯಂತೆ ಬಿಚ್ಚಿಕೊಳ್ಳುವ, ಸಾವಿರಾರು ಬಣ್ಣದ ಪಟ್ಟಿಗಳ ಕಟ್ಟು. ಬೇರೆಯವನಾಗಿದ್ದರೆ ಇನ್ನೊಬ್ಬರನ್ನು ಕೇಳಿ ತಿಳಿಯುತ್ತಿದ್ದ. ಇವರು ಮೀನಿಗೇ ಶೇಡ್ ಕಾರ್ಡು ಹಿಡಿಯಲು ಹೋದರು. ಮೀನಿನಂಗಡಿಯಾಕೆಗೆ ಹೇಳಿ ನೀಲಿ ದೀಪ ಆರಿಸಿಸಿ ಬಿಳಿ ದೀಪ ಹಾಕಿಸಿದರು. ಗಾಜಿಗೆ ಕಾರ್ಡು ಒತ್ತಿ ಒಂದೊಂದೇ ಪಟ್ಟಿ ಸರಿಸುತ್ತ ಹೋದರು. ಮೀನು ಒಳಗಿನಿಂದ ಇವರನ್ನೇ ನೋಡುತ್ತಿತ್ತು.

ಒಂದು ಪಟ್ಟಿ ಸಿಕ್ಕಿತು. ತಲೆಯ ಬಣ್ಣಕ್ಕೆ ಕರಾರುವಾಕ್ಕಾಗಿ ಕೂತಿತು. ಕೆಳಗಿನ ನಂಬರು ನೋಡಿದರು, ಗಾಢ ಕಂದು. ಸರಿ, ನಾನು ಹೇಳಿದ್ದೇ ನಿಜ ಎಂದುಕೊಂಡು ಕಾರ್ಡು ಮಡಚುವಾಗ ಇನ್ನೊಂದು ಪಟ್ಟಿ ಕಣ್ಣಿಗೆ ಬಿತ್ತು. ಅದೂ ಅಷ್ಟೇ ಸರಿಯಾಗಿ ಕೂತಿತು. ಅದರ ನಂಬರು ನೇರಳೆಗಳ ಸಾಲಿನದು. ಆ ನಂಬರುಗಳು ಅವರಿಗೆ ನಿದ್ದೆಯಲ್ಲೂ ಬಾಯಿಪಾಠ. ಎರಡನ್ನೂ ಅಕ್ಕಪಕ್ಕ ಹಿಡಿದು ಹೆಬ್ಬೆರಳಿನಿಂದ ನಂಬರು ಮುಚ್ಚಿದರು. ಯಾವುದು ಯಾವುದೆಂದು ಅವರಿಗೆ ಗೊತ್ತಾಗಲಿಲ್ಲ. ಬಾಗಿಲ ಬೆಳಕಿಗೆ ಹೋದರು. ಅಲ್ಲೂ ಗೊತ್ತಾಗಲಿಲ್ಲ.

"ಏನಮ್ಮ, ಇವೆರಡೂ ಒಂದೇನಾ?" ಎಂದು ಆದಷ್ಟು ಸಲೀಸಾಗಿ ಕೇಳಿದರು.

"ಎಲ್ಲಿಯ ಒಂದೇ ಸರ್? ಒಂದು ಕಾಫಿಪುಡಿ, ಒಂದು ನೇರಳೆ ಹಣ್ಣು."

"ಸರಿ, ಸರಿ. ನಿನ್ನ ಕಣ್ಣು ಪರೀಕ್ಷೆ ಮಾಡ್ದೆ ಅಷ್ಟೇ" ಎಂದು ನಗಲು ನೋಡಿದರು. ನಗು ಬರಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಕೂತರು. ಹಿಂದಿನ ಕೋಣೆಯ ಡಬ್ಬಿಗಳು, ತಾವು ಬೈದ ಪೇಂಟರುಗಳು, ಬಾಯಿಬಿಡದ ಯಜಮಾನರು, ಎಲ್ಲರೂ ಕಣ್ಣ ಮುಂದೆ ಬಂದರು. ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಬಣ್ಣ ಕಾಣದವನನ್ನು ಬಣ್ಣದಂಗಡಿಯಲ್ಲಿ ಇಟ್ಟುಕೊಂಡು ಯಾರಾದರೂ ಏನು ಮಾಡುತ್ತಾರೆ? ಸ್ವಲ್ಪ ಹೊತ್ತಿನ ಮೇಲೆ ಎದ್ದು, "ಆ ನೇರಳೆ ಮೀನು ಕೊಡಮ್ಮ" ಎಂದರು. ತಮ್ಮ ಕಣ್ಣಿಗೆ ಕಾಣದ ಬಣ್ಣವನ್ನು ಅವರು ಆರಿಸಿದ್ದು ಅದೇ ಮೊದಲು.

ಮನೆಯಲ್ಲಿ ಆಕೆ ಚೀಲ ನೋಡಿ ಬೆರಗಾದಳು. "ನಿಮಗೆ ಇಷ್ಟ ಆಗಿರಲಿಲ್ಲವಲ್ಲ?"

"ಇಷ್ಟದ ಮಾತಲ್ಲ ಕಣೇ. ನನಗೆ ಅದು ಕಾಣಿಸಲ್ಲ."

ಆಕೆ ಚೀಲವನ್ನು ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟಳು. ಹೊಸ ನೀರಿಗೆ ಮೀನು ಒಗ್ಗಬೇಕಲ್ಲ, ಅಂಗಡಿಯಾಕೆ ಹೇಳಿಕೊಟ್ಟಂತೆ ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರನ್ನು ಚೀಲಕ್ಕೆ ಸುರಿಯುತ್ತ ಕೂತಳು. ಆಮೇಲೆ ತಿರುಗದೆಯೇ, "ನನಗೆ ಗೊತ್ತಿತ್ತು" ಎಂದಳು.

"ಕಣ್ಣೇ ಹೋದ್ರೆ ನಾನು ಯಾರು ಹೇಳು?"

"ನನ್ನ ಗಂಡ. ಆ ಕೆಲಸಕ್ಕೆ ಇನ್ನೂ ಮಷೀನು ಬಂದಿಲ್ಲವಲ್ಲ."

ಮೇಷ್ಟ್ರು ನಕ್ಕರು, ಈ ಸಲ ನಿಜವಾಗಿ. ಮರುದಿನ ಯಜಮಾನರಿಗೆ ತಾವೇ ಹೇಳಿದರು. ಯಜಮಾನರು ಬಾರದ ಕೆಮ್ಮು ಕೆಮ್ಮಿ, "ಮೊದಲು ಕಣ್ಣು ತೋರಿಸಿಕೊಂಡು ಬನ್ನಿ, ನಿಮ್ಮ ಕುರ್ಚಿ ಎಲ್ಲಿಗೂ ಓಡಿಹೋಗಲ್ಲ" ಎಂದರು.

ಕಣ್ಣಿನ ಡಾಕ್ಟರು ನೋಡಿ ಪೊರೆ ಎಂದರು. ಬೆಳೆದು, ಮಾಗಿ, ಹಳದಿ ದಾಟಿ ಕಂದಾಗಿದೆಯಂತೆ. "ಇಷ್ಟು ದಿನ ನೀವು ಟೀ ತುಂಬಿದ ಗ್ಲಾಸಿನೊಳಗಿಂದ ಪ್ರಪಂಚ ನೋಡ್ತಿದ್ರಿ. ನಿಧಾನವಾಗಿ ಬಂದಿದ್ದರಿಂದ ನಿಮಗೆ ಗೊತ್ತಾಗಲಿಲ್ಲ." ಮೊದಲು ಒಂದು ಕಣ್ಣು, ಒಂದು ತಿಂಗಳ ಮೇಲೆ ಇನ್ನೊಂದು ಎಂದು ನಿಶ್ಚಯವಾಯಿತು. ಸಣ್ಣ ಆಪರೇಷನ್, ದಿನಾ ಎಷ್ಟೋ ಜನರಿಗೆ ಮಾಡುತ್ತೇವೆ ಎಂದು ಡಾಕ್ಟರು ಹೇಳಿದರು. ಉಳಿದವರ ಕಣ್ಣು ಮೇಷ್ಟ್ರ ಕಣ್ಣಲ್ಲವಲ್ಲ. ಅವರ ಭಯ ಅವರಿಗೆ. ಅಲ್ಲಿಯವರೆಗಿನ ದಿನಗಳಲ್ಲಿ ತೊಟ್ಟಿಯ ಮುಂದೆ ಕೂತರೆ ಅವರಿಗೆ ಕಾಣುತ್ತಿದ್ದುದು ಅರ್ಧ ಮೀನು ಮಾತ್ರ. ಕಲ್ಲಿನ ನೆರಳಿನಲ್ಲಿ ತಲೆಯಿಲ್ಲದ ಹಳದಿ ಬಾಲವೊಂದು ಅತ್ತಿಂದಿತ್ತ ಓಡಾಡುತ್ತಿತ್ತು.

ಆಪರೇಷನ್ ಆದ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ನರ್ಸಮ್ಮನ ಬಿಳಿ ಕೋಟು. ಬಿಳಿ ಇಷ್ಟು ಬಿಳಿಯಾಗಿರುತ್ತದೆ ಎಂಬುದನ್ನೇ ಅವರು ಮರೆತಿದ್ದರು. ಮನೆಗೆ ಬರುವ ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದುತ್ತ, "ಆ ನೀಲಿ ನೋಡೇ, ಈ ನೀಲಿ ನೋಡೇ" ಎಂದು ಆಕೆಯ ತಲೆ ತಿಂದರು. ಮನೆಯಲ್ಲಿ ಆಕೆ ತೊಟ್ಟಿಯ ದೀಪ ಹಚ್ಚಿ ಕುರ್ಚಿ ಎಳೆದಳು. ಮೇಷ್ಟ್ರು ಕೂತರು. ಮೀನು ಕಲ್ಲಿನಡಿಯಿಂದ ಹೊರಬಂತು, ಈ ಸಲ ಇಡಿಯಾಗಿ.

ಅವರು ಗಾಜಿನ ಹತ್ತಿರ ಮುಖ ತಂದು ಅದರ ಹಿಂದೆಯೇ ಕಣ್ಣು ಓಡಿಸಿದರು. "ನೇರಳೆ ಹಣ್ಣಿನ ಬಣ್ಣ ಅಂದಳು ಅಂಗಡಿಯವಳು" ಎಂದರು ಕೊನೆಗೆ. "ಹಣ್ಣಿಂದಲ್ಲ ಕಣೇ. ಹಣ್ಣು ತಿಂದ ನಾಲಿಗೆ ಇರತ್ತಲ್ಲ, ಅದರದ್ದು."

ಆಕೆಗೆ ಜೀವ ಬಂದ ಹಾಗಾಯಿತು. ಮೇಷ್ಟ್ರು ವಾಪಸು ಬಂದಿದ್ದರು. ಆದರೆ ಅವರ ನೋಟ ಆಗಲೇ ಮೀನನ್ನು ಬಿಟ್ಟು ತೊಟ್ಟಿಯ ಹಿಂದಿನ ಗೋಡೆಗೆ ಹೋಗಿತ್ತು. ಹೊಸ ಕಣ್ಣಿಗೆ ಅಂಗೈ ಅಡ್ಡ ಹಿಡಿದು ಹಳೆಯ ಕಣ್ಣಿನಿಂದ ನೋಡಿದರು. ಬೆಣ್ಣೆ. ಹಳೆಯ ಕಣ್ಣು ಮುಚ್ಚಿ ಹೊಸದರಿಂದ ನೋಡಿದರು. ತೊಳೆದು ತೊಳೆದು ಮಾಸಿದ ನೇರಳೆ, ಮೂಲೆಯಿಂದ ಮೂಲೆಗೆ.

"ಇದು ಬೆಣ್ಣೆ ಅಲ್ಲ."

"ಅಲ್ಲ."

"ಯಾವಾಗಿಂದ ಹೀಗಿದೆ?"

"ಹಚ್ಚಿದ ದಿನದಿಂದ."

"ನಾನೇ ಕೇಳಿ ಹಚ್ಚಿಸಿಕೊಂಡಿದ್ದು ಅಂತಿದ್ದೆಯಲ್ಲೇ ಎಲ್ಲರ ಹತ್ರ?"

"ಕೇಳಿದ್ದು ನಿಜ ತಾನೇ."

ಮೇಷ್ಟ್ರು ಆಕೆಯ ಕಡೆ ತಿರುಗಿದರು. "ಒಂದು ಮಾತು ಹೇಳಬಾರದಾಗಿತ್ತಾ?"

"ಏನಂತ ಹೇಳಲಿ? ಉಗುರು ತೋರಿಸಿ ಬೆಣ್ಣೆ ಅಂದ್ರಿ. ನಿಮ್ಮ ಮುಖ ನೋಡಿದೆ, ನನ್ನ ಕೈಲಿ ಆಗಲಿಲ್ಲ. ಕಣ್ಣು ತೋರಿಸಿ ಅಂತ ಎಷ್ಟು ಸಲ ಬಡಕೊಂಡೆ, ಕನ್ನಡಕ ಇದೆಯಲ್ಲ ಅಂದ್ರಿ." ಆಕೆ ಮಂಡಿ ನೀವಿಕೊಳ್ಳುತ್ತ, ಬಹಳ ದಿನದಿಂದ ಕಟ್ಟಿಟ್ಟಿದ್ದನ್ನು ಬಿಚ್ಚಿದಳು. "ಈಗ ಹೇಳ್ತೀನಿ ಕೇಳಿ. ನನಗೆ ಈ ಬಣ್ಣ ಕಂಡ್ರೆ ಆಗಲ್ಲ. ಎರಡು ವರ್ಷ ನೋಡಿ ನೋಡಿ ತಲೆ ಚಿಟ್ಟು ಹಿಡಿದಿದೆ."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತಲೇ ಅತ್ತರು. ಕಣ್ಣಿಗೆ ನೀರು ತಾಗಿಸಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಒಳಗಿನಿಂದ ಬರುವ ನೀರಿಗೆ ಏನು ಮಾಡಬೇಕೆಂದು ಹೇಳಿರಲಿಲ್ಲ. ಆಕೆ ಹತ್ತಿ ತಂದು ಮೆಲ್ಲಗೆ ಒತ್ತಿದಳು. ಎರಡನೆಯ ಕಣ್ಣೂ ಆದ ಮೇಲೆ ಬೆಣ್ಣೆಯ ಬಣ್ಣ ಹೊಸದಾಗಿ ತಾವೇ ಕಲಸಿ ಹಚ್ಚಿಸುವುದಾಗಿ ಮೇಷ್ಟ್ರು ಮಾತು ಕೊಟ್ಟರು.

ಆ ತಿಂಗಳಿಡೀ ಅವರು ಸಂಜೆ ಅಂಗಡಿಯಿಂದ ಬಂದವರೇ ಕುರ್ಚಿಯಲ್ಲಿ ಕೂತು, ಹೊಸ ಕಣ್ಣಿಗೆ ಅಂಗೈ ಮುಚ್ಚಿಕೊಂಡು ಗೋಡೆ ನೋಡುತ್ತಿದ್ದರು. ಎರಡನೆಯ ಆಪರೇಷನ್ನಿಗೆ ಹೋಗುವ ಹಿಂದಿನ ದಿನವೂ ಹಾಗೇ ಕೂತಿದ್ದರು. ಆಕೆ ಮೀನಿಗೆ ಕಾಳು ಹಾಕಿ ಬಂದು ಕೇಳಿದಳು. "ಅಷ್ಟು ಚೆನ್ನಾಗಿರೋ ಕಣ್ಣು ಮುಚ್ಚಿಕೊಂಡು ಏನು ನೋಡ್ತಿದೀರಿ?"

"ನೀನು ಕೇಳಿದ ಗೋಡೆ. ನಾಳೆಯಿಂದ ಕಾಣಿಸಲ್ಲವಲ್ಲ."

ಆಕೆ ಪಕ್ಕದಲ್ಲಿ ಕೂತು ಗೋಡೆಯ ಕಡೆ ತಿರುಗಿದಳು. "ಹೇಗಿದೆ?"

"ನೀನು ಹೇಳಿದ ಹಾಗೇ. ಈಗ ತಾನೇ ಕಡೆದ ಬೆಣ್ಣೆ."

"ಚೆನ್ನಾಗಿ ನೋಡಿಟ್ಟುಕೊಳ್ಳಿ" ಎಂದಳು ಆಕೆ. "ಅದನ್ನೇ ಹಚ್ಚಿ."